ತುಘಲಕ್ ಹುಚ್ಚನಾ ಮೇಡಂ? ಒಂದು ಕ್ಲಾಸಿನ ಪ್ರಕರಣ ಅಧ್ಯಯನ

ನಮ್ಮ ಕಡೆ ಬಸ್‌ಸ್ಟ್ಯಾಂಡ್ ಜಾಗ ಬದಲಾಯಿಸಿದ್ರೂ ತುಘಲಕ್ ದರ್ಬಾರು, ಸಂತೆ ದಿನ ಬದಲಾಯಿಸಿದ್ರೂ ತುಘಲಕ್ ದರ್ಬಾರು. ಪೇಪರ್ ಓದೋ ಮನೇಲಿ ಬೆಳೆದ ಮಕ್ಕಳಿಗೆ ಈ ಹೆಸರು ನಾಟಕ ಕೈಗೆ ಸಿಗೋಕೆ ಮುಂಚೆನೇ ಒಂದು ಬೈಗುಳವಾಗಿ ಗೊತ್ತಿರುತ್ತೆ. ಹಾಗಾಗಿ ಹದಿನಾಲ್ಕನೇ ಶತಮಾನದ ದೆಹಲಿ ಸುಲ್ತಾನನೊಬ್ಬನ ಮೇಲೆ ಗಿರೀಶ ಕಾರ್ನಾಡರು ಬರೆದ ನಾಟಕ ‘ತುಘಲಕ್’ ಪಾಠಕ್ಕೆ ನಾವು ನಿಲ್ಲೋ ಹೊತ್ತಿಗೆ ಮಕ್ಕಳ ತಲೇಲಿ ತೀರ್ಪು ಬರೆದಾಗಿರುತ್ತೆ. ಆ ತೀರ್ಪನ್ನ ಪಕ್ಕಕ್ಕಿಡಿಸಿ ಅವನು ಆಡಿದ ಮಾತು ಏನು, ಆಮೇಲೆ ಆಗಿದ್ದೇನು ಅಂತ ನೋಡೋ ಹಾಗೆ ಮಾಡೋದು ಎಷ್ಟು ಕಷ್ಟ ಅಂತ ನನಗೆ ಅರ್ಥ ಆಗಿದ್ದು ಒಂದು ಬಿಎ ಕ್ಲಾಸಿನಲ್ಲಿ. ಹಾಸನದ ಕಡೆಯ ಒಂದು ಕಾಲೇಜು, ಐಚ್ಛಿಕ ಕನ್ನಡ, ಮೂವತ್ತೆಂಟು ಮಕ್ಕಳು, ಅದರಲ್ಲಿ ಮುಕ್ಕಾಲು ಭಾಗ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರೋರು. ಆ ನಾಟಕಕ್ಕೆ ತಗೊಂಡ ನಾಲ್ಕು ವಾರ ಏನೇನಾಯ್ತು, ಎಲ್ಲಿ ನಾನು ಎಡವಿದೆ, ಎಲ್ಲಿ ಮಕ್ಕಳೇ ದಾರಿ ತೋರಿಸಿದ್ರು ಅಂತ ಇಲ್ಲಿ ಬರೀತಿದೀನಿ, ಈ ಪಾಠ ಮಾಡೋ ಬೇರೆ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬರಬಹುದು ಅಂತ.

ಮೊದಲ ದಿನ ನಾನು ಕೇಳಿದ್ದು ಒಂದೇ ಪ್ರಶ್ನೆ. ತುಘಲಕ್ ಎಂಥೋನು? ಉತ್ತರಗಳು ಪಟಪಟ ಬಂದ್ವು. ಹುಚ್ಚು ದೊರೆ, ಆದರ್ಶವಾದಿ, ದೂರದೃಷ್ಟಿ ಉಳ್ಳವನು, ಹಠಮಾರಿ, ಕ್ರೂರಿ. ಅರ್ಧ ಪೇಪರ್‌ನಿಂದ ಬಂದಿದ್ದು, ಇನ್ನರ್ಧ ಗೈಡ್‌ನಿಂದ. ಬೋರ್ಡ್ ಮೇಲೆ ಎಲ್ಲಾ ಬರೆದೆ. ಆಮೇಲೆ, ಇದು ಬರೀ ಹಳೇ ರಾಜನ ಕಥೆ ಅಲ್ಲ ಕಣ್ರೋ, ಒಂದು ಕಾಲದ ರಾಜಕೀಯವನ್ನ ಇನ್ನೊಂದು ಕಾಲದ ಕಥೆ ಮೂಲಕ ಹೇಳೋ ರೀತಿ, ಇದಕ್ಕೆ ರಾಜಕೀಯ ಅನ್ಯೋಕ್ತಿ ಅಂತಾರೆ ಅಂದೆ. ಅಷ್ಟು ಹೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಈಗಿನ ಒಬ್ಬ ನಾಯಕರ ಹೆಸರು ಕೂಗಿದ. ಕಿಟಕಿ ಪಕ್ಕದವನು ಎದ್ದು ಇನ್ನೊಂದು ಪಕ್ಷದ ನಾಯಕರ ಹೆಸರು ಕೂಗಿದ. ಐದು ನಿಮಿಷದಲ್ಲಿ ಕ್ಲಾಸು ಎರಡು ಹೋಳಾಯ್ತು, ನಾಟಕ ಯಾರಿಗೂ ಬೇಕಾಗಿರಲಿಲ್ಲ, ಬೆಂಚು ಕುಟ್ಟೋದು, ಹೆಣ್ಣುಮಕ್ಕಳು ಸುಮ್ನೆ ಬ್ಯಾಗ್ ಮುಚ್ಚಿಕೊಳ್ಳೋದು, ಪಕ್ಕದ ರೂಮಿನಿಂದ ಸಹೋದ್ಯೋಗಿ ಬಂದು ಇಣುಕಿ ನೋಡಿ ಹೋದ್ರು.

ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು, ಅಮ್ಮಾ ಈ ಸಮಕಾಲೀನತೆ ಗಿಮಕಾಲೀನತೆ ಎಲ್ಲಾ ಬಿಟ್ಟುಬಿಡಿ, ಪಾತ್ರಚಿತ್ರಣ ಒಂದು, ಕಥಾಸಾರ ಒಂದು, ಎರಡು ನೋಟ್ಸ್ ಕೊಟ್ಟು ಮುಗಿಸಿ ಅಂದ್ರು. ಅವರದ್ದು ಒಳ್ಳೇ ಮನಸ್ಸಿನ ಸಲಹೆನೇ. ಆದರೆ ಕಾರ್ನಾಡರೇ ಈ ನಾಟಕ ಬರೆದಿದ್ದು ತಮ್ಮ ಕಾಲ ನೋಡಿ. ದೆಹಲಿ ಗದ್ದುಗೆ ಮೇಲೆ ಕೂತವರಲ್ಲೇ ಅತ್ಯಂತ ಬುದ್ಧಿವಂತ, ಅತ್ಯಂತ ಆದರ್ಶದ ಮನುಷ್ಯ, ಅವನೇ ಅತಿ ದೊಡ್ಡ ಸೋಲೂ ಆದ, ಅದೂ ಸುಮಾರು ಇಪ್ಪತ್ತು ವರ್ಷದೊಳಗೆ, ಅರವತ್ತರ ದಶಕದ ಶುರುವಿನಲ್ಲಿ ನಮ್ಮ ದೇಶವೂ ಅದೇ ದಾರೀಲಿ ಬಂದಿದೆ ಅನ್ನಿಸ್ತು ಅಂತ ಅವರೇ ಹೇಳಿದ್ದಾರೆ. ನಾಟಕ ಅಚ್ಚಾಗಿದ್ದು 1964ರಲ್ಲಿ, ಅವರಿಗಾಗ ಇಪ್ಪತ್ತಾರು ವರ್ಷ, ನೆಹರೂ ತೀರಿಕೊಂಡಿದ್ದೂ ಅದೇ ವರ್ಷ ಮೇ 27ಕ್ಕೆ. ಆ ಎಳೆ ಕಿತ್ತುಹಾಕಿ ಪಾಠ ಮಾಡಿದ್ರೆ ಉಳಿಯೋದು ಹದಿಮೂರು ದೃಶ್ಯದ ಕಥಾಸಾರ ಅಷ್ಟೇ.

ಆ ರಾತ್ರಿ ಯೋಚನೆ ಮಾಡ್ತಾ ಇದ್ದಾಗ ನನಗೆ ಹೊಳೆದಿದ್ದು ಇಷ್ಟು. ಮಕ್ಕಳು ಕಿತ್ತಾಡಿದ್ದು ರಾಜಕೀಯ ಬಂತು ಅಂತ ಅಲ್ಲ, ಪಾತ್ರ ಏನು ಅಂತ ಗೊತ್ತಾಗೋಕೆ ಮುಂಚೆನೇ ಅದಕ್ಕೆ ಮುಖ ಅಂಟಿಸೋಕೆ ಹೋದ್ರು, ಅದಕ್ಕೆ. ಬೋರ್ಡ್ ಮೇಲಿದ್ದ ಐದು ವಿಶೇಷಣಗಳನ್ನ ಯಾವ ನಾಯಕನಿಗೆ ಬೇಕಾದ್ರೂ ಅಂಟಿಸಬಹುದು. ಆದರೆ ಇಂಥ ದೃಶ್ಯದಲ್ಲಿ ಇಂಥವರ ಎದುರು ಹೀಗಂದ, ಆಮೇಲೆ ಹೀಗಾಯ್ತು ಅನ್ನೋದನ್ನ ಹಾಗೆಲ್ಲ ಸಿಕ್ಕಸಿಕ್ಕಲ್ಲಿ ಅಂಟಿಸೋಕೆ ಬರಲ್ಲ.

ಮಾರನೇ ದಿನ ಎರಡು ಕಟ್ಟುಪಾಡು ಹಾಕಿದೆ. ಮೂರು ವಾರ ಈಗಿನ ಯಾವ ನಾಯಕರ ಹೆಸರೂ ಈ ರೂಮಿನಲ್ಲಿ ಬರಕೂಡದು, ನಾಲ್ಕನೇ ವಾರ ಅದಕ್ಕೇ ಅಂತ ಇಟ್ಟಿರ್ತೀನಿ, ಅಲ್ಲಿವರೆಗೂ ತಡ್ಕೊಳ್ಳಿ. ಎರಡನೇದು, ಯಾವ ಪಾತ್ರಕ್ಕೂ ವಿಶೇಷಣ ಹಾಕಕೂಡದು. ನೋಟ್‌ಬುಕ್‌ನಲ್ಲಿ ಮೂರು ಕಲಂ ಎಳೀರಿ ಅಂದೆ. ಆಡಿದ್ದು, ಯಾರ ಎದುರು ಆಡಿದ್ದು, ಆಮೇಲೆ ಆದದ್ದು. ಇಷ್ಟೇ. ನೇರ ನಾಟಕದ ಪುಟದಿಂದ ಎತ್ತಿ ಬರೀಬೇಕು, ಗೈಡ್ ಮುಟ್ಟಂಗಿಲ್ಲ.

ಮೊದಲನೇ ದೃಶ್ಯ ಇದಕ್ಕೆ ಎಷ್ಟು ಚೆನ್ನಾಗಿ ಒದಗುತ್ತೆ ಅಂದ್ರೆ, ನ್ಯಾಯಾಲಯದ ಅಂಗಳ, ಜನ ಸೇರಿದ್ದಾರೆ. ವಿಷ್ಣುಪ್ರಸಾದ ಅನ್ನೋ ಬ್ರಾಹ್ಮಣನ ಜಮೀನನ್ನ ಸರ್ಕಾರದವರು ಕಿತ್ಕೊಂಡಿದ್ದಾರೆ, ಅವನು ಸುಲ್ತಾನನ ಮೇಲೇ ದಾವೆ ಹೂಡಿದ್ದಾನೆ, ಖಾಜಿ ಸುಲ್ತಾನನದ್ದೇ ತಪ್ಪು ಅಂತ ತೀರ್ಪು ಕೊಟ್ಟಿದ್ದಾನೆ, ಐನೂರು ಬೆಳ್ಳಿ ದೀನಾರ ಪರಿಹಾರ, ಮೇಲೆ ಸರ್ಕಾರಿ ಕೆಲಸ. ಸುಲ್ತಾನ ಬಂದು ಜನರ ಎದುರು ನ್ಯಾಯ, ಸಮಾನತೆ ಅಂತ ಮಾತಾಡ್ತಾನೆ, ದೆಹಲಿಯಿಂದ ರಾಜಧಾನಿ ದೂರದ ದಖ್ಖನಿನ ದೌಲತಾಬಾದಿಗೆ ಹೋಗುತ್ತೆ ಅಂತಲೂ ಅಲ್ಲೇ ಹೇಳ್ತಾನೆ. ಅವನು ಹೋದ ಮೇಲೆ ನಮಗೆ ಗೊತ್ತಾಗುತ್ತೆ, ಆ ವಿಷ್ಣುಪ್ರಸಾದ ಬ್ರಾಹ್ಮಣನೇ ಅಲ್ಲ, ಅಜೀಜ ಅನ್ನೋ ಅಗಸ, ಸುಲ್ತಾನನ ಮೇಲೂ ದಾವೆ ಹೂಡಬಹುದು ಅನ್ನೋ ಹೊಸ ಕಾನೂನು ಬಂತು ಅಂತ ತಿಳಿದು ಹಿಂದಿನ ತಾರೀಖು ಹಾಕಿಸಿ ಜಮೀನಿನ ಪತ್ರ ಮಾಡಿಸ್ಕೊಂಡು ದಾವೆ ಹೂಡಿದವನು. ಹಿಂದಿನ ತಾರೀಖಿನ ಪತ್ರ ಅಂದ ತಕ್ಷಣ ಮಕ್ಕಳೆಲ್ಲ ನಕ್ಕರು, ಜಮೀನು ವ್ಯಾಜ್ಯ ನೋಡದ ಮನೆ ನಮ್ಮ ಕಡೆ ಯಾವುದಿದೆ. ಮೂರನೇ ಕಲಮಿನಲ್ಲಿ ಒಬ್ಬಳು ಬರೆದಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂಗಿದೆ: ‘ನ್ಯಾಯ ಸಿಕ್ತು, ಆದರೆ ಯಾರಿಗೆ ಸಿಗಬೇಕಿತ್ತೋ ಅವನಿಗಲ್ಲ.’ ವಿಶೇಷಣ ಒಂದೂ ಇಲ್ಲ. ಸುಲ್ತಾನ ಒಳ್ಳೆಯವನು, ಕೆಟ್ಟವನು ಏನೂ ಹೇಳಿಲ್ಲ ಆ ಹುಡುಗಿ, ಆದರೆ ನಾಟಕದ ಬೇರು ಹಿಡಿದಿದ್ಲು.

ಅಲ್ಲೇ ಇನ್ನೊಂದು ಮಾತಿದೆ, ಅದನ್ನ ಗುರುತು ಹಾಕ್ಕೊಳ್ಳಿ ಅಂತ ನಾನೇ ಹೇಳಿದೆ. ದೌಲತಾಬಾದಿಗೆ ಬನ್ನಿ ಅಂತ ಸುಲ್ತಾನ ಕರೆಯುವಾಗ ಇದು ಆಹ್ವಾನ, ಆಜ್ಞೆ ಅಲ್ಲ, ನನ್ನ ಮೇಲೆ ನಂಬಿಕೆ ಇದ್ದವರು ಮಾತ್ರ ಬನ್ನಿ ಅನ್ನೋ ಅರ್ಥದಲ್ಲಿ ಕರೀತಾನೆ. ಪೆನ್ಸಿಲ್‌ನಲ್ಲಿ ಅಡಿಗೆರೆ ಎಳೆಸಿ, ಮೂರನೇ ಕಲಂ ಖಾಲಿ ಬಿಡಿ ಅಂದೆ. ಅದು ತುಂಬೋಕೆ ಆರನೇ ದೃಶ್ಯದವರೆಗೂ ಕಾಯಬೇಕಾಯ್ತು. ಆರರಲ್ಲಿ ಅಮೀರರನ್ನೆಲ್ಲ, ಅಂದ್ರೆ ಆಸ್ಥಾನದ ಸರದಾರರನ್ನ, ಕರೆಸಿ ತಾಮ್ರದ ನಾಣ್ಯಕ್ಕೂ ಬೆಳ್ಳಿ ನಾಣ್ಯದಷ್ಟೇ ಬೆಲೆ ಅಂತ ಹೇಳ್ತಾನೆ, ಎಲ್ಲಾ ನಂಬಿಕೆ ಮೇಲೆ ನಡೆಯೋದು ಅಂತಾನೆ, ಅವರು ನಗ್ತಾರೆ. ಹೊಸ ನಾಡು ಕಟ್ಟೋಕೆ ನಿಮ್ಮ ಬೆಂಬಲ ಬೇಕು, ಅರ್ಥ ಆಗದಿದ್ರೆ ಕೇಳಿ ವಿವರಿಸ್ತೀನಿ ಅಂತ ಅಂಗಲಾಚ್ತಾನೆ, ಮಂಡಿಯೂರಬೇಕಾ ಅನ್ನೋ ಮಟ್ಟಕ್ಕೆ ಹೋಗ್ತಾನೆ. ಅವರ ಸಂಚು ಅವನಿಗೆ ಮೊದಲೇ ಗೊತ್ತು. ಪ್ರಾರ್ಥನೆ ಹೊತ್ತಲ್ಲಿ ಅವರು ಕತ್ತಿ ಹಿರೀತಾರೆ, ಸುಲ್ತಾನನ ಸೈನಿಕರು ಹಿಡೀತಾರೆ, ಅವರಲ್ಲೊಬ್ಬನಾದ ಶಿಹಾಬುದ್ದೀನನ್ನ ಸುಲ್ತಾನ ತಾನೇ ತಿವಿದು ಕೊಲ್ತಾನೆ, ಸತ್ತ ಮೇಲೂ ತಿವೀತಾನೇ ಇರ್ತಾನೆ. ನಾನು ನಂಬಿದವರೆಲ್ಲ ದ್ರೋಹಿಗಳೇ ಆಗಬೇಕಾ ಅಂತ ಇತಿಹಾಸಕಾರ ಬರನಿಯನ್ನ ಕೇಳೋದೂ ಅಲ್ಲೇ. ಹೊರಗೆ ಸಾರಿಸೋದು ಮಾತ್ರ ಶಿಹಾಬುದ್ದೀನ್ ಸುಲ್ತಾನನನ್ನ ಕಾಪಾಡ್ತಾ ಹುತಾತ್ಮನಾದ ಅಂತ. ಅಷ್ಟಾದ ಮೇಲೆ ಬರುತ್ತೆ ಆ ಮಾತು. ದೆಹಲಿ ಪೂರ್ತಿ ಖಾಲಿ ಆಗಬೇಕು, ಒಂದು ನರಪಿಳ್ಳೆ ಉಳಿಯಂಗಿಲ್ಲ.

ಒಂದನೇ ದೃಶ್ಯದ ಖಾಲಿ ಕಲಮಿಗೆ ವಾಪಸ್ ಹೋಗಿ ಅಂದೆ. ಮಕ್ಕಳು ಪುಟ ತಿರುಗಿಸೋ ಸದ್ದು ಕೇಳಿಸ್ತು. ಆಹ್ವಾನ ಅಂತ ಬರೆದಿದ್ರ ಎದುರಿಗೆ ಆಜ್ಞೆ ಅಂತ ಬರೆದ್ರು. ಅದೇ ಊರು, ಅದೇ ಪ್ರಯಾಣ, ಅದೇ ಬಾಯಿ. ಮಧ್ಯ ಏನು ನಡೀತು ಹೇಳಿ ಅಂದಾಗ ಪಟಪಟ ಉತ್ತರ ಬರಲಿಲ್ಲ, ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಆ ಮೌನ ನನಗೆ ಬೇಕಾಗಿತ್ತು. ಘಟನೆ ಪಾತ್ರವನ್ನ ತೋರಿಸುತ್ತೆ ಅಂತ ನಾವು ಕ್ಲಾಸಲ್ಲಿ ಸಲೀಸಾಗಿ ಹೇಳಿಬಿಡ್ತೀವಿ. ಇಲ್ಲಿ ಘಟನೆ ಪಾತ್ರದ ಬಾಯಿಗೇ ಕೈ ಹಾಕಿ ಮಾತು ಬದಲಾಯಿಸಿದೆ, ಹಾಗೆ ಮಾತು ಬದಲಾದ ಜಾಗದಲ್ಲೇ ಮನುಷ್ಯ ಕಾಣಿಸೋದು.

ಇಷ್ಟಾದ್ರೂ ಎರಡನೇ ವಾರದ ಕೊನೆಗೆ ನಾನು ಒಂದು ತಪ್ಪು ಮಾಡಿದೆ. ಒಬ್ಬ ಹುಡುಗ ಎದ್ದು, ಮೇಡಂ ಇದೆಲ್ಲ ಬಸವಣ್ಣನವರು ಹೇಳಿದ್ದೇ ಅಲ್ವಾ, ನುಡಿದ ಹಾಗೆ ನಡೀಬೇಕು, ಇವನು ನಡೀಲಿಲ್ಲ, ಡೋಂಗಿ, ಅಂದ. ಕ್ಲಾಸು ಹೌದು ಹೌದು ಅಂತು. ಮೂರು ಕಲಂ ಎಳೆಸಿದವಳು ನಾನೇ ಆದ್ದರಿಂದ ನನಗೂ ಅದು ಸರಿಯಾಗೇ ಕಾಣಿಸ್ತು, ಹೌದಪ್ಪ ಅಂತ ಒಪ್ಪಿಬಿಟ್ಟೆ. ಮನೆಗೆ ಹೋಗಿ ನಾಟಕ ತೆಗೆದಾಗ ಎರಡನೇ ದೃಶ್ಯ ನನ್ನ ತಡೀತು. ನುಡಿಗೂ ನಡೆಗೂ ನಡುವೆ ಸಂದು ಕಂಡ ಕೂಡಲೇ ಡೋಂಗಿ ಅಂತ ಹಣೆಪಟ್ಟಿ ಹಚ್ಚೋದು ಕೂಡ ಗೈಡಿನ ಕೆಲಸಾನೇ, ಹೊಸ ವಿಶೇಷಣ ಅಷ್ಟೇ. ನಾನು ಮಧ್ಯದ ಕಲಂ ಮರೆತಿದ್ದೆ. ಯಾರ ಎದುರು?

ಸೋಮವಾರ ಆ ಹುಡುಗನ ಹತ್ರನೇ ಕೇಳಿದೆ, ಡೋಂಗಿ ಮನುಷ್ಯ ಯಾರೂ ನೋಡದೇ ಇರುವಾಗ ಏನು ಮಾಡ್ತಾನೆ? ವೇಷ ಕಳಚ್ತಾನೆ ಮೇಡಂ ಅಂದ. ಸರಿ, ಹಂಗಾದ್ರೆ ಸುಲ್ತಾನ ಜನ ಇಲ್ಲದ ಕಡೆ ಆಡೋ ಮಾತೆಲ್ಲ ಹುಡುಕಿ ಅಂದೆ. ಎರಡನೇ ದೃಶ್ಯದಲ್ಲಿ ಮಲತಾಯಿ ಒಳಗೆ ಬರೋ ಹೊತ್ತಿಗೆ ಅವನು ಒಬ್ಬನೇ ಚದುರಂಗದ ಮಣೆ ಮುಂದೆ ಕೂತು ಹಳೇ ಪಂಡಿತರು ಬಿಡಿಸಲಾಗದ ಒಂದು ಆಟ ಬಿಡಿಸ್ತಿರ್ತಾನೆ, ಬಿಡಿಸಿಯೂ ಬಿಡ್ತಾನೆ, ಚಿಕ್ಕ ಹುಡುಗನ ಥರ ಖುಷಿ ಪಡ್ತಾನೆ. ರಾತ್ರಿ ಯಾಕೆ ಮಲಗಲ್ಲ ಅಂತ ಆಕೆ ಕೇಳಿದ್ರೆ ನಿದ್ದೆ ಕೊಡಬೇಡ ಅಂತಲೇ ದೇವರನ್ನ ಬೇಡ್ತೀನಿ ಅಂತಾನೆ, ಹಗಲೆಲ್ಲ ನಾಳೆಯ ಚಿಂತೆ, ರಾತ್ರಿ ಮಾತ್ರ ಅದರಾಚೆ ಹೋಗೋಕಾಗೋದು ಅಂತ. ಎಂಟನೇ ದೃಶ್ಯದಲ್ಲಿ, ದೌಲತಾಬಾದ್ ಕೋಟೆ ಮೇಲೆ, ನಡುರಾತ್ರೀಲಿ, ಹೆಸರೂ ಇಲ್ಲದ ಒಬ್ಬ ಎಳೇ ಕಾವಲುಗಾರನ ಹತ್ರ ತನ್ನ ಹರೆಯದ ಕನಸುಗಳನ್ನ ಹೇಳ್ಕೊಳ್ತಾನೆ. ಆ ಕಾವಲುಗಾರನಿಗೆ ಅದು ಅರ್ಥವೂ ಆಗಲ್ಲ, ಅವನನ್ನ ಮೆಚ್ಚಿಸಿ ಸುಲ್ತಾನನಿಗೆ ಸಿಗೋದೂ ಏನಿಲ್ಲ. ವೇಷ ಕಳಚೋ ಜಾಗದಲ್ಲೂ ಅವನ ಮಾತು ಅದೇ.

ಹಂಗಾದ್ರೆ ಅವನು ನಿಜವಾಗ್ಲೂ ನಂಬಿದ್ದನಾ ಮೇಡಂ ಅಂತ ಕೇಳಿದ ಹುಡುಗ. ನೀನೇ ಹೇಳು ಅಂದೆ. ಸುಮಾರು ಹೊತ್ತು ಪುಟ ನೋಡ್ತಾ ಕೂತಿದ್ದ. ಆಮೇಲೆ, ಡೋಂಗಿ ಆಗಿದ್ರೆ ಇಷ್ಟು ಜನ ಸಾಯ್ತಾ ಇರಲಿಲ್ಲ ಅನ್ಸುತ್ತೆ ಅಂದ. ಪಾಠ ಮಾಡಿದ ಹದಿನಾಲ್ಕು ವರ್ಷದಲ್ಲಿ ಈ ನಾಟಕದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನ ನಾನು ಆಡಿಲ್ಲ.

ಮೂರನೇ ವಾರ ಅಜೀಜನಿಗೆ ಮೀಸಲು. ಇಲ್ಲಿ ರಂಗಭೂಮಿ ವಿಷಯ ಒಂಚೂರು ಹೇಳಬೇಕು, ಇಲ್ದಿದ್ರೆ ಮಕ್ಕಳಿಗೆ ಅಜೀಜ, ಅವನ ಜೊತೆಗಾರ ಆಜಮ ಇಬ್ಬರೂ ಸುಮ್ನೆ ಹಾಸ್ಯಕ್ಕೆ ಅಂತ ತುರುಕಿದ ಹಾಗೆ ಕಾಣ್ತಾರೆ. ಕಂಪನಿ ನಾಟಕದಲ್ಲಿ ಪರದೆ ಹಿಂದೆ ದೊಡ್ಡ ಸೆಟ್ ಜೋಡಿಸ್ತಾ ಇರುವಾಗ ಪರದೆ ಮುಂದಿನ ಸಣ್ಣ ಜಾಗದಲ್ಲಿ ಹಾಸ್ಯದವರು ಬಂದು ಆಡಿಸ್ತಾ ಇದ್ರಲ್ಲ, ಬೀದಿ ದೃಶ್ಯ, ಆಮೇಲೆ ಪರದೆ ಎತ್ತಿದ್ರೆ ಅರಮನೆ, ಆ ಕಟ್ಟನ್ನೇ ಕಾರ್ನಾಡರು ತಗೊಂಡಿದ್ದು. ಆದರೆ ಬೀದಿಯವರು ಅಲ್ಲೇ ನಿಲ್ಲಲ್ಲ, ದೃಶ್ಯದಿಂದ ದೃಶ್ಯಕ್ಕೆ ಒಳಗೆ ಬರ್ತಾ ಬರ್ತಾ ಕೊನೆಗೆ ಅರಮನೆಗೇ ಬಂದು ಸುಲ್ತಾನನ ಎದುರು ನಿಲ್ತಾರೆ. ಇದನ್ನ ಬೋರ್ಡ್ ಮೇಲೆ ಎರಡು ಗೆರೆ ಎಳೆದು ತೋರಿಸಿದೆ, ಮೇಲಿನದು ಸುಲ್ತಾನನ ಗೆರೆ, ಕೆಳಗಿಂದು ಅಜೀಜನ ಗೆರೆ, ಮೇಲೆ ಒಂದು ಆಜ್ಞೆ ಹೊರಟಾಗಲೆಲ್ಲ ಕೆಳಗೆ ಅಜೀಜ ಏನು ಮಾಡ್ತಾನೆ ನೋಡಿ. ಕಾನೂನು ಬಂತು, ಸುಳ್ಳು ದಾವೆ. ವಲಸೆ ಬಂತು, ದಾರೀಲಿ ಲಂಚ. ತಾಮ್ರದ ನಾಣ್ಯ ಬಂತು, ಖೋಟಾ ನಾಣ್ಯ. ಮುಸ್ಲಿಂ ಜಗತ್ತಿನ ಗುರುಸ್ಥಾನದ ಖಲೀಫರ ವಂಶದವನು ಬರ್ತಾನೆ ಅಂತಾಯ್ತು, ಅವನನ್ನ ಕೊಂದು ಅವನ ವೇಷ.

ಏಳನೇ ದೃಶ್ಯವನ್ನ ಕ್ಲಾಸಲ್ಲಿ ಜೋರಾಗಿ ಓದಿಸಿದೆ. ದೆಹಲಿಯಿಂದ ದೌಲತಾಬಾದಿಗೆ ಹೋಗೋ ದಾರಿ, ಬಿಡಾರ, ಅಜೀಜ ಬ್ರಾಹ್ಮಣನ ವೇಷದಲ್ಲಿ ಸರ್ಕಾರಿ ಅಧಿಕಾರಿ. ಅಜೀಜನ ಪಾತ್ರ ಓದಿದ್ದು ಮೊದಲ ದಿನ ನಾಯಕರ ಹೆಸರು ಕೂಗಿದ ಹಿಂದಿನ ಬೆಂಚಿನ ಹುಡುಗನೇ, ಗಣೇಶನ ಹಬ್ಬಕ್ಕೆ ಊರಲ್ಲಿ ನಾಟಕ ಮಾಡಿದ ಗಂಟಲು, ಚೆನ್ನಾಗಿ ಓದ್ತಾನೆ. ಅಜೀಜನ ಮಾತಿನ ಚಾಲಾಕಿತನಕ್ಕೆ ಇಡೀ ಕ್ಲಾಸು ನಗ್ತಾ ಇತ್ತು. ಆಗ ಮಗು ಎತ್ಕೊಂಡ ಹೆಂಗಸು ಬರ್ತಾಳೆ. ಮಗುಗೆ ಹುಷಾರಿಲ್ಲ, ವೈದ್ಯರ ಹತ್ರ ಹೋಗಿಬರೋಕೆ ಬಿಡಿ ಅಂತಾಳೆ. ಅಜೀಜ ದುಡ್ಡು ಕೇಳ್ತಾನೆ. ಇರೋ ದುಡ್ಡು ಔಷಧಿಗೇ ಬೇಕು ಅವಳಿಗೆ. ಆಜಮನಿಗೇ ತಡೆಯೋಕಾಗದೆ ಬಿಟ್ಟುಬಿಡೋ ಅಂತಾನೆ, ಅಜೀಜ ಬಿಡಲ್ಲ, ಆ ಮಗು ಹೇಗೂ ಉಳಿಯಲ್ಲ ಅನ್ನೋದು ಅವನ ಲೆಕ್ಕ.

ಹೆಂಗಸಿನ ಪಾತ್ರ ಓದಿದವಳು ಮೊದಲ ದೃಶ್ಯಕ್ಕೆ ‘ನ್ಯಾಯ ಸಿಕ್ತು, ಆದರೆ’ ಅಂತ ಬರೆದಿದ್ಲಲ್ಲ, ಅದೇ ಹುಡುಗಿ. ಅವಳು ಅಭಿನಯ ಗಿಭಿನಯ ಏನೂ ಮಾಡಲಿಲ್ಲ. ಪುಸ್ತಕ ಎದೆ ಹತ್ರ ಹಿಡ್ಕೊಂಡು, ತಲೆ ಎತ್ತದೆ, ಮೆಲ್ಲಗೆ ಓದಿದ್ಲು. ಎರಡನೇ ಸಾಲಿಗೆ ನಗು ನಿಂತಿತು. ಅವಳ ಮಾತಿಗೆ ಅದೇ ಉತ್ಸಾಹದಲ್ಲಿ ಅಜೀಜನ ಉತ್ತರ ಓದೋಕೆ ಹೊರಟ ಹುಡುಗನ ದನಿ ಅರ್ಧದಲ್ಲಿ ಕುಗ್ಗಿತು, ಸಾಲು ತಪ್ಪಿದ, ಮತ್ತೆ ಮೊದಲಿಂದ ಓದಿದ. ನಾನು ಅವತ್ತು ಏನೂ ವಿವರಿಸಲಿಲ್ಲ, ಐದು ನಿಮಿಷ ಮುಂಚೆ ನೀವು ಯಾವ ಮಾತಿಗೆ ನಕ್ಕಿರಿ, ಆ ಮಾತಿಗೆ ಗುರುತು ಹಾಕಿ ಅಂತಷ್ಟೇ ಹೇಳಿದೆ. ಸಂಭಾಷಣೆ ಒಂದು ಪಾತ್ರವನ್ನ ತೋರಿಸೋದು ಆ ಪಾತ್ರದ ಮಾತಿನಲ್ಲಿ ಮಾತ್ರ ಅಲ್ವಲ್ಲ, ಎದುರಿನವರು ಬೇಡಿದಾಗ ಅದು ಏನು ಉತ್ತರ ಕೊಡುತ್ತೆ ಅನ್ನೋದರಲ್ಲಿ. ಅಜೀಜ ಆಜಮನ ಜೊತೆ ಮಾತಾಡುವಾಗ ಜಾಣ. ಅದೇ ಜಾಣತನ ಆ ತಾಯಿ ಎದುರು ಕೇಳಿದ್ರೆ ಮೈ ನಡುಗುತ್ತೆ, ಮಾತಿನ ಧಾಟಿ ಒಂಚೂರೂ ಬದಲಾಗಿರಲ್ಲ.

ಕ್ಲಾಸು ಮುಗಿದ ಮೇಲೆ ಆ ಹುಡುಗಿ ಹತ್ರ ಬಂದ್ಲು. ಅವರಜ್ಜಿ ಊರು ಹೇಮಾವತಿ ಹಿನ್ನೀರಲ್ಲಿ ಮುಳುಗಿದ್ದಂತೆ. ಗೊರೂರಿನ ಡ್ಯಾಂ, 1979ರಲ್ಲಿ ಮುಗಿದಿದ್ದು, ಬೇಸಿಗೇಲಿ ಶೆಟ್ಟಿಹಳ್ಳಿ ಚರ್ಚ್ ನೋಡೋಕೆ ಬರೋ ಜನಕ್ಕೆ ಆ ನೀರಿನಡಿ ಬರೀ ಒಂದು ಚರ್ಚ್ ಅಲ್ಲ, ಹೊಲ ಮನೆ ಕಣ ಎಲ್ಲಾ ಇತ್ತು ಅನ್ನೋದು ನೆನಪಿರಲ್ಲ. ಅಜ್ಜಿ ಕೈಗೂಸು ಕಟ್ಕೊಂಡು ಪರಿಹಾರದ ಕಾಗದಕ್ಕೆ ಆಫೀಸಿಗೆ ಅಲೆದಿದ್ದು, ಅಲ್ಲಿ ಕೂತವನು ನಾಳೆ ಬಾ ನಾಡಿದ್ದು ಬಾ ಅಂದಿದ್ದು, ಕೊನೆಗೆ ಕಿವಿಯೋಲೆ ಮಾರಿ ಕೊಟ್ಟಿದ್ದು. ಡ್ಯಾಂ ಕಟ್ಟಿಸಿದವರ ಹೆಸರು ನಮ್ಮಜ್ಜಿಗೆ ಗೊತ್ತಿಲ್ಲ ಮೇಡಂ, ಆ ಕಾಗದ ಹಿಡ್ಕೊಂಡು ಕೂತಿದ್ದವನ ಮುಖ ಮಾತ್ರ ಇವತ್ತಿಗೂ ನೆನಪಿದೆ ಅಂತಾರೆ ಅಂದ್ಲು. ಏಳನೇ ದೃಶ್ಯದ ಜೆರಾಕ್ಸ್ ಮಾಡಿಸ್ಕೋತೀನಿ, ಅಜ್ಜಿಗೆ ಓದಿ ಹೇಳಬೇಕು ಅಂದ್ಲು.

ನಾಲ್ಕನೇ ವಾರ ಮಾತು ಕೊಟ್ಟ ಹಾಗೆ ಕಟ್ಟುಪಾಡು ತೆಗೆದೆ. ಆದರೆ ಅದಕ್ಕೆ ಮುಂಚೆ ಅರ್ಧ ಗಂಟೆ ಇನ್ನೊಂದು ಕೃತಿ ಹೇಳಿದೆ, ಇಂಗ್ಲಿಷ್ ವಿಭಾಗದವರು ಪಾಠ ಮಾಡೋ ಜಾರ್ಜ್ ಆರ್ವೆಲ್‌ನ ‘ಆನಿಮಲ್ ಫಾರ್ಮ್’, 1945ರದ್ದು, ಪ್ರಾಣಿಗಳು ಮಾಲೀಕನನ್ನ ಓಡಿಸಿ ತಾವೇ ತೋಟ ಆಳೋ ಕಥೆ. ಅಲ್ಲಿ ನೆಪೋಲಿಯನ್ ಅನ್ನೋ ಹಂದಿ ಎದುರಿಗೆ ಸ್ಟಾಲಿನ್ ಅಂತ, ಸ್ನೋಬಾಲ್ ಎದುರಿಗೆ ಟ್ರಾಟ್‌ಸ್ಕಿ ಅಂತ ಹೆಚ್ಚುಕಮ್ಮಿ ನೇರವಾಗಿ ಬರೀಬಹುದು, ರಷ್ಯಾದ ಕ್ರಾಂತಿ ಓದಿದವರಿಗೆ ಕೊಂಡಿ ಕಾಣುತ್ತೆ. ಆದರೆ ಆ ಪುಸ್ತಕ ಓದಿದವರ ಎದೇಲಿ ಉಳಿಯೋದು ಬಾಕ್ಸರ್ ಅನ್ನೋ ಕುದುರೆ. ಏನೇ ಕಷ್ಟ ಬಂದ್ರೂ ಇನ್ನೂ ಜಾಸ್ತಿ ದುಡೀತೀನಿ ಅನ್ನೋದೊಂದೇ ಅದರ ಮಾತು, ಆಮೇಲೆ ನೆಪೋಲಿಯನ್ ಹೇಳಿದ್ದೇ ಸರಿ ಅನ್ನೋದೂ ಸೇರ್ಕೊಳ್ಳುತ್ತೆ. ದುಡಿದು ದುಡಿದು ಬಿದ್ದ ದಿನ ಆಸ್ಪತ್ರೆಗೆ ಅಂತ ಗಾಡಿ ಹತ್ತಿಸ್ತಾರೆ, ಗಾಡಿ ಮೇಲೆ ಬರೆದಿರೋದು ಕುದುರೆ ಕಡಿಯೋನ ಹೆಸರು, ಓದು ಬರೋ ಕತ್ತೆ ಓದಿ ಹೇಳೋ ಹೊತ್ತಿಗೆ ಗಾಡಿ ಹೊರಟಿರುತ್ತೆ. ಎರಡು ಮಾತು, ಒಂದು ಗಾಡಿ, ಪಾತ್ರ ಪೂರ್ತಿ ಕಣ್ಣ ಮುಂದೆ. ಬಾಕ್ಸರ್ ಎದುರಿಗೆ ಯಾವ ಒಬ್ಬ ಮನುಷ್ಯನ ಹೆಸರೂ ಬರೆಯೋಕಾಗಲ್ಲ, ಅಲ್ಲಿರೋದು ದುಡಿಯೋ ಇಡೀ ಜನ.

ತುಘಲಕ್‌ನಲ್ಲಂತೂ ನೇರ ಪಟ್ಟಿ ಮಾಡೋಕೇ ಆಗಲ್ಲ ಅಂತ ಮಕ್ಕಳೇ ಕಂಡ್ಕೊಂಡ್ರು. ಇತಿಹಾಸ ತಗೊಂಡಿದ್ದ ಇಬ್ಬರು, 1325ರಿಂದ 1351ರವರೆಗೆ ಆಳಿದ ನಿಜವಾದ ಮಹಮ್ಮದ್ ಬಿನ್ ತುಘಲಕ್ ಬಗ್ಗೆ ಹೇಳಿದ್ರು, ಬರನಿ ನಿಜವಾಗ್ಲೂ ಆ ಆಸ್ಥಾನದಲ್ಲಿದ್ದ ಇತಿಹಾಸಕಾರ ಅಂತಲೂ. ಒಬ್ಬ ನೆಹರೂ ಅಂತ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ, ಯಾಕಪ್ಪ ಅಂದ್ರೆ ಕನಸು ಸರಿ ಹೋಗುತ್ತೆ, ಆದರೆ ನೆಹರೂ ಯಾರನ್ನೂ ತಿವೀಲಿಲ್ಲ ಅಲ್ವಾ ಮೇಡಂ ಅಂದ. ಒಳ್ಳೇ ಪ್ರಶ್ನೆ. ಅಲ್ಲಿಂದ ನಾವು ಯಾರು ಯಾರಿಗೆ ಸಮ ಅನ್ನೋದು ಬಿಟ್ಟು ಯಾವ ಸನ್ನಿವೇಶ ಯಾವುದಕ್ಕೆ ಸಮ ಅಂತ ಕೇಳೋಕೆ ಶುರು ಮಾಡಿದ್ವಿ. ದೊಡ್ಡ ಕನಸಿನ ಘೋಷಣೆ, ನಂಬಿ ಅನ್ನೋ ಕೋರಿಕೆ, ನಂಬದೇ ಹೋದಾಗ ಬರೋ ಸಿಟ್ಟು, ಆಜ್ಞೆಗೂ ಜನಕ್ಕೂ ನಡುವೆ ಕುರ್ಚಿ ಹಾಕ್ಕೊಂಡು ಕೂತ ಅಜೀಜ. ಅಲ್ಲಿಗೆ ಬಂದ ಮೇಲೆ ಉದಾಹರಣೆಗಳು ಎಲ್ಲಾ ಪಕ್ಷದ ಕಾಲದಿಂದಲೂ ಬಂದ್ವು, ಪಿಂಚಣಿ, ಪಹಣಿ, ಮನೆ ಮಂಜೂರಾತಿ. ಮೊದಲ ದಿನ ಬೆಂಚು ಕುಟ್ಟಿದ್ದ ಇಬ್ಬರೂ ಅವತ್ತು ಒಂದೇ ತಾಲ್ಲೂಕಾಫೀಸಿನ ಒಂದೇ ಕಿಟಕಿ ಬಗ್ಗೆ ಮಾತಾಡ್ತಿದ್ರು. ಎಲ್ಲರೂ ಬದಲಾದ್ರು ಅಂತ ನಾನು ಹೇಳಲ್ಲ. ಏಳೆಂಟು ಮಕ್ಕಳು ಕೊನೆವರೆಗೂ ಕಲಮಿಗೆ ಗೈಡಿನ ವಾಕ್ಯ ತುಂಬಿಸಿ ತೋರಿಸ್ತಾ ಇದ್ರು, ಪರೀಕ್ಷೇಲಿ ಹತ್ತು ಅಂಕಕ್ಕೆ ಪಾತ್ರಚಿತ್ರಣ ಬರೆಯಿರಿ ಅಂತಲೇ ಕೇಳುವಾಗ ಅವರನ್ನ ಬೈಯೋಕೂ ಮನಸ್ಸು ಬರಲ್ಲ.

ಕಡೇ ದೃಶ್ಯಕ್ಕೆ ನಾನು ಒಂದೇ ಪ್ರಶ್ನೆ ಇಟ್ಟಿದ್ದೆ. ವಜೀರ ನಜೀಬನನ್ನ ಕೊಲ್ಲಿಸಿದ್ದು ತಾನೇ ಅಂತ ಮಲತಾಯಿ ಹತ್ತನೇ ದೃಶ್ಯದಲ್ಲಿ ಒಪ್ಪಿಕೊಳ್ತಾಳೆ, ನಿನ್ನ ಒಳ್ಳೇದಕ್ಕೇ ಮಾಡಿದೆ ಅಂತಾಳೆ, ಅವಳಿಗೆ ಕಲ್ಲು ಹೊಡೆಸಿ ಸಾಯಿಸೋ ಶಿಕ್ಷೆ. ಹದಿಮೂರನೇದರಲ್ಲಿ ಅಜೀಜನ ಗುಟ್ಟೆಲ್ಲ ಬಯಲಾಗುತ್ತೆ, ಅವನು, ತಾವು ಗದ್ದುಗೆ ಏರಿದ ದಿನದಿಂದ ತಮ್ಮ ಪ್ರತಿ ಆಜ್ಞೆಯನ್ನೂ ಶ್ರದ್ಧೆಯಿಂದ ಓದಿ ಪಾಲಿಸಿದವನು ನಾನು ಅನ್ನೋ ಹಾಗೆ ವಾದಿಸ್ತಾನೆ, ಅವನಿಗೆ ದಖ್ಖನಿನಲ್ಲಿ ಅಧಿಕಾರ. ಪ್ರೀತಿಸಿದವಳಿಗೆ ಕಲ್ಲು, ಮೋಸ ಮಾಡಿದವನಿಗೆ ಕೆಲಸ. ಯಾಕೆ? ಅಜೀಜನ ಪಾತ್ರ ಓದಿದ್ದ ಹಿಂದಿನ ಬೆಂಚಿನ ಹುಡುಗ ಎರಡು ಪುಟ ಬರೆದು ತಂದ. ಅವನ ಉತ್ತರದಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಪ್ರಶ್ನೆಗೆ ಸಂಬಂಧ ಇಲ್ಲದ ಒಂದು ಭಾಗ. ಎರಡನೇ ದೃಶ್ಯದಲ್ಲಿ ನಿದ್ದೆ ಬೇಡ ಅಂದವನು ಹದಿಮೂರರ ಕೊನೇಲಿ ಸಿಂಹಾಸನದ ಮೇಲೇ ನಿದ್ದೆ ಹೋಗ್ತಾನೆ, ತಾನೇ ವರ್ಷಗಟ್ಟಲೆ ನಿಲ್ಲಿಸಿದ್ದ ಪ್ರಾರ್ಥನೆಯ ಕರೆ ಕೇಳಿಸಿದಾಗ ಎಚ್ಚರಾಗಿ ಎಲ್ಲಿದ್ದೀನಿ ಅಂತ ತಿಳೀದವನ ಹಾಗೆ ನೋಡ್ತಾನೆ, ಬರನಿಯೂ ಬಿಟ್ಟು ಹೋಗಿದ್ದಾನೆ, ಅಂತ ಎರಡೂ ಪುಟದ ಸಂಖ್ಯೆ ಹಾಕಿ ಬರೆದಿದ್ದ. ನಾನು ಆ ಎರಡು ಜಾಗ ಸೇರಿಸಿ ಯಾವತ್ತೂ ಪಾಠ ಮಾಡಿರಲಿಲ್ಲ, ಅವನಿಗೆ ಕಲಮಿನಿಂದ ಸಿಕ್ಕಿದ್ದು.

ಮುಂದಿನ ವರ್ಷ ಈ ನಾಟಕವನ್ನ ಏಳನೇ ದೃಶ್ಯದಿಂದ ಶುರು ಮಾಡ್ತೀನಿ. ಸುಲ್ತಾನನಿಂದ ಶುರು ಮಾಡಿದ್ರೆ ಮಕ್ಕಳು ಸುಲ್ತಾನನ್ನೇ ಹುಡುಕ್ತಾ ಹೋಗ್ತಾರೆ, ಬಿಡಾರದಿಂದ ಶುರು ಮಾಡಿದ್ರೆ ಆ ಹೆಂಗಸಿಗೆ ಇಲ್ಲ ಅಂದ ಮಾತು ಎಲ್ಲಿಂದ ಹೊರಟಿತು ಅಂತ ಮೇಲಕ್ಕೆ ಹುಡುಕ್ತಾರೆ. ಡೋಂಗಿಯಾ ಅಲ್ವಾ ಅನ್ನೋ ಪ್ರಶ್ನೆಗೆ ಒಂದು ಪೂರ್ತಿ ಪೀರಿಯಡ್ ಇಡ್ತೀನಿ, ಅವಸರದಲ್ಲಿ ಒಪ್ಪಲ್ಲ.

ಜೆರಾಕ್ಸ್ ತಗೊಂಡು ಹೋದ ಹುಡುಗಿ ಎರಡು ದಿನ ಬಿಟ್ಟು ಬಂದಿದ್ಲು. ಅಜ್ಜಿ ಪೂರ್ತಿ ಕೇಳಿಸ್ಕೊಂಡ್ರಂತೆ, ರಾಜ ಯಾರು ಊರು ಯಾವುದು ಒಂದೂ ಕೇಳಲಿಲ್ಲವಂತೆ. ಆ ಮಗು ಉಳೀತಾ ಅಂತ ಕೇಳಿದ್ರಂತೆ. ನನ್ನ ಹತ್ರ ಉತ್ತರ ಇತ್ತು, ಆದರೆ ಹೇಳದೆ ಕ್ಲಾಸಿಗೇ ಆ ಪ್ರಶ್ನೆ ಕೊಟ್ಟೆ, ನಾಟಕದಲ್ಲೇ ಇದೆ ಹುಡುಕಿ ಅಂತ. ಸುಮಾರು ಇಪ್ಪತ್ತು ನಿಮಿಷ ಪುಟ ತಿರುಗಿಸಿದ್ರು. ಸಿಕ್ಕಿದ್ದು ಅವಳಿಗೇ, ಹನ್ನೊಂದನೇ ದೃಶ್ಯದಲ್ಲಿ. ಅಜೀಜ ಖಲೀಫರ ವಂಶದವನ ವೇಷದಲ್ಲಿ ಬಂದಿದ್ದಾನೆ, ಸುಲ್ತಾನ ಅವನ ಕಾಲಿಗೆ ಬೀಳ್ತಾನೆ, ಜನ ಸೇರಿದ್ದಾರೆ, ಆ ಗುಂಪಿನಿಂದ ಒಬ್ಬ ಹೆಂಗಸು ಅವನನ್ನ ಗುರುತು ಹಿಡಿದು ನನ್ನ ಮಗೂನ ಕೊಂದವನು ಇವನೇ ಅಂತ ಕೂಗ್ತಾಳೆ. ಅವಳು ಆ ಜಾಗ ಓದಿ ಹೇಳಿ ಪುಸ್ತಕ ಮಡಚಿ ಕೂತ್ಲು. ಅಜ್ಜಿಗೆ ಏನಂತ ಹೇಳ್ತೀಯ ಅಂತ ಪಕ್ಕದವಳು ಕೇಳಿದ್ಲು. ಅವಳು ಗುರುತು ಹಿಡಿದ್ಲು ಅಂತ ಹೇಳ್ತೀನಿ ಅಂದ್ಲು.